ಶಾಂತಕ್ಕನ ಮೇಜಿನ ಫೋನು

ಶಾಂತಕ್ಕ, ನಿಮ್ಮ ಗುಟ್ಟನ್ನು ಸಾವ್ಕಾರರಿಗೆ ಮುಟ್ಟಿಸಿದವಳು ಕಾಶವ್ವನಲ್ಲ. ನಾನು. ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ನೀವಿಬ್ಬರೂ ಮಾತು ಬಿಟ್ಟದ್ದನ್ನು ಕಣ್ಣಾರೆ ನೋಡಿಯೂ.

ಬೈಲಹೊಂಗಲದಲ್ಲಿ ಹತ್ತಿಯ ಬೀಜ ಬಿಡಿಸುವ ಆ ಜಿನ್ನಿಂಗ್ ಮಿಲ್ಲಿಗೆ ಹೊಸ ಫೋನು ಕೂಡಿಸಲು ಬಂದವನು ನಾನು. ಕಂಪ್ಯೂಟರಿನ ಕೇಬಲ್ಲಿನಲ್ಲೇ ಮಾತೂ ಹರಿಯುವ ಫೋನುಗಳು ಅವು. ಮಾತು ತುಂಡಾಗಬಾರದೆಂದು ಅದೇ ಕೇಬಲ್ಲಿನೊಳಗೆ ಫೋನಿಗೊಂದು, ಕಂಪ್ಯೂಟರಿಗೊಂದು ಬೇರೆ ದಾರಿ ಮಾಡುತ್ತೇವೆ. ನಮ್ಮ ಕಸುಬಿನಲ್ಲಿ ಅದಕ್ಕೆ ವಿಎಲ್ಯಾನ್ ಎನ್ನುತ್ತಾರೆ. ಒಂದೊಂದು ದಾರಿಗೆ ಒಂದೊಂದು ನಂಬರು. ಎಲ್ಲ ಫೋನಿಗೂ ಇಪ್ಪತ್ತು ಕೊಟ್ಟಿದ್ದೆ.

ಮೂರನೆಯ ದಿನ ಮಿಲ್ಲಿನ ಸಾವ್ಕಾರರು ಒಳಗೆ ಕರೆದರು. "ಶಾಂತಾನ ಫೋನ್ ನನಗ ಕೇಳಬೇಕು. ಆಗತೈತಿಲ್ಲೋ? ಯರಗಟ್ಟಿ ಮಿಲ್ಲಿನ ಕೆಲಸಾನೂ ನಿನಗ ಕೊಡಸ್ತೇನಿ."

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ — ಇಲ್ಲ, ತೆರೆಯಲಿಲ್ಲ. ಇಲ್ಲಿಯಾದರೂ ಸುಳ್ಳು ಬೇಡ. "ಆಗತೈತ್ರಿ" ಎಂದೆ, ತಕ್ಷಣವೇ.

ನಿಮ್ಮ ಫೋನಿನ ಸೆಟ್ಟಿಂಗ್ ತೆರೆದು ಇಪ್ಪತ್ತನ್ನು ಅಳಿಸಿದೆ, ಇಪ್ಪತ್ತೊಂದು ಬರೆದೆ. ಆ ದಾರಿಯಲ್ಲಿ ನಿಮ್ಮೊಬ್ಬರದೇ ಮಾತು. ಅದರ ನಕಲೊಂದು ಸಾವ್ಕಾರರ ಕಂಪ್ಯೂಟರಿಗೆ ಹೋಗುವಂತೆ, ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಯಲ್ಲಿ ಹೊಂದಿಸಿದೆ. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ನೀವು ನನಗೆ ಚಹಾ ತರಿಸಿದ್ದಿರಿ.

"ಮೊಬೈಲ್ ಅಂತೂ ಗೇಟಿನ್ಯಾಗ ಇಸ್ಕೋತಾರ. ಇದರಾಗ ಮಾತಾಡಿದ್ದು ಮತ್ಯಾರಿಗೂ ಕೇಳಂಗಿಲ್ಲ, ಹೌದಲ್ಲೋ ತಮ್ಮಾ?" ಎಂದು ಕೇಳಿದಿರಿ.

"ಯಾರಿಗೂ ಕೇಳಂಗಿಲ್ರಿ ಅಕ್ಕಾರ."

ಅದಕ್ಕೆ ಹದಿನೈದು ದಿನ ಮೊದಲು ನೇಸರಗಿಯ ರೇಣುಕಾಳ ಮೂರು ಬೆರಳನ್ನು ಮಿಲ್ಲಿನ ಯಂತ್ರ ತೆಗೆದುಕೊಂಡಿತ್ತು. ಆ ದಿನ ಅವಳು ಕೆಲಸಕ್ಕೇ ಬಂದಿರಲಿಲ್ಲ ಎಂದು ಸಾವ್ಕಾರರು ಸಾಧಿಸುತ್ತಿದ್ದರು. ಮಿಲ್ಲಿನ ಹಾಜರಿ ಬರೆಯುತ್ತಿದ್ದವರು ನೀವು; ಆ ದಿನದ ಅವಳ ಸಹಿಯಿದ್ದ ಪುಸ್ತಕ ನಿಮ್ಮ ಕಪಾಟಿನಲ್ಲಿತ್ತು. ಸೋಮವಾರ ಬಂದರೆ ಅದನ್ನು ತೋರಿಸುತ್ತೇನೆ ಎಂದು ಕಾರ್ಮಿಕ ಇಲಾಖೆಯ ಅಧಿಕಾರಿಗೆ ನೀವು ಅದೇ ಫೋನಿನಲ್ಲಿ ಹೇಳಿದಿರಿ. ಮಿಲ್ಲಿನಲ್ಲಿ ಈ ಸಂಗತಿ ಬಲ್ಲವಳು ಕಾಶವ್ವ ಒಬ್ಬಳೇ — ಹತ್ತಿ ಹಸನು ಮಾಡುವ ಹೆಂಗಸರ ಮುಂದಾಳು, ಹನ್ನೆರಡು ವರ್ಷ ನಿಮ್ಮ ಜೊತೆ ಬುತ್ತಿ ಬಿಚ್ಚಿ ಉಂಡವಳು.

ಶನಿವಾರ ಕಪಾಟಿನಲ್ಲಿ ಪುಸ್ತಕವಿರಲಿಲ್ಲ. "ಸೋಮವಾರ ಯಾರಿಗೆ ಏನ್ ತೋರಿಸಾಕಿ ಇದ್ದಿ?" ಎಂದಷ್ಟೇ ಕೇಳಿ ಸಾವ್ಕಾರರು ನಿಮ್ಮನ್ನು ಕೆಲಸದಿಂದ ಬಿಡಿಸಿದರು. ನೀವು ನೇರವಾಗಿ ಅಂಗಳಕ್ಕೆ ಬಂದು, ಅಷ್ಟೂ ಹೆಂಗಸರ ಎದುರಿಗೆ ಕಾಶವ್ವನ ಮುಂದೆ ನಿಂತಿರಿ.

"ನಿನಗ ಬಿಟ್ಟು ಯಾರಿಗೂ ಹೇಳಿದ್ದಿಲ್ಲಲ್ಲ ಕಾಶೀ... ನನ್ನ ಮಾರಿದಿ."

ನಾನು ಹತ್ತು ಹೆಜ್ಜೆ ದೂರದಲ್ಲಿ ಕೇಬಲ್ ಸುತ್ತುತ್ತಿದ್ದೆ. ಸುತ್ತುತ್ತಲೇ ಇದ್ದೆ.

ರೇಣುಕಾಳ ದೂರು ಸಾಕ್ಷಿಯಿಲ್ಲದೆ ಬಿದ್ದುಹೋಯಿತು. ಯರಗಟ್ಟಿಯ ಕೆಲಸ ನನಗೆ ಸಿಕ್ಕಿತು. ಚೆನ್ನಾಗಿಯೇ ಮಾಡಿದೆ.

ಹೋದ ತಿಂಗಳು ಬಸ್ಸಿನಲ್ಲಿ ರೇಣುಕಾ ನನ್ನ ಪಕ್ಕದ ಸೀಟಿನಲ್ಲಿದ್ದಳು. ಹೆಬ್ಬೆರಳಿಗೂ ಅಂಗೈಗೂ ನಡುವೆ ಟಿಕೀಟು ಒತ್ತಿ ಹಿಡಿದಿದ್ದಳು. ಅದು ಜಾರಿ ಬಿತ್ತು, ಎತ್ತಿಕೊಟ್ಟೆ. "ಪುಣ್ಯಾ ಬರಲೆಪಾ ನಿನಗ" ಎಂದಳು. ಆ ಮಾತು ಕೇಳಿಸಿಕೊಂಡು ಕೂರಲು ನನ್ನಿಂದ — ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ.

ಮೊನ್ನೆ ಭಾನುವಾರ ಕಾಶವ್ವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಜೋಳ ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು. ಬೈಯುತ್ತಾಳೆಂದು ಕಾದೆ.

"ನೀ ಕದ್ದು ಕೇಳಿಸಿದ್ದು ಒಂದ್ ಕಡೆ ಇರ್ಲಿ," ಎಂದಳು ಕೊನೆಗೆ. "ಆಕಿ ನನ್ನ ಒಂದ್ ಮಾತು ಕೇಳಬೇಕಿತ್ತಲ್ಲೋ. ಹೌದೇನ ಕಾಶೀ, ಅಂತ. ಕೇಳಲೇ ಇಲ್ಲ."

ಅಲ್ಲಿಯವರೆಗೆ ನಾನು ಮೋಸ ಮಾಡಿದ್ದು ನಿಮಗೆ ಮಾತ್ರ ಎಂದುಕೊಂಡಿದ್ದೆ. ನಿಮ್ಮ ಕೈಯಿಂದ ಅವಳಿಗೂ ಮಾಡಿಸಿದ್ದೇನೆ.

ರೇಣುಕಾಳಿಗೂ ಎಲ್ಲ ಹೇಳಿದ್ದೇನೆ. ನಾನು ಮಾಡಿದ್ದನ್ನೆಲ್ಲ ಬರೆದು, ಸಹಿ ಹಾಕಿ, ರೇಣುಕಾಳ ಜೊತೆ ಬುಧವಾರ ಕಾರ್ಮಿಕ ಇಲಾಖೆಗೆ ಹೋಗುತ್ತೇನೆ. ಇಷ್ಟು ವರ್ಷದ ಮೇಲೆ ಏನಾದೀತೋ ತಿಳಿಯದು. ಈ ಕಾಗದ ಹಿಡಿದು ಗುರುವಾರ ಮನೋಳಿಗೆ, ನಿಮ್ಮಲ್ಲಿಗೆ ಬರುತ್ತೇನೆ. ಕ್ಷಮಿಸಿರೆಂದು ಕೇಳುವುದಿಲ್ಲ, ಅಕ್ಕಾ. ಓದಿದ ಮೇಲೆ ಒಮ್ಮೆ ಕಾಶವ್ವನ ಮನೆಗೆ ಹೋಗಿ. ನಿಮ್ಮನ್ನು ಒಳಗೆ ಕರೆಯುತ್ತಾಳೋ ಇಲ್ಲವೋ — ನನಗೆ ಗೊತ್ತಿಲ್ಲ.