‘ಆತು’ ಅಂದರೆ ಎಷ್ಟು ಆತು?

ಒಲೆಯ ಮೇಲೆ ಹಾಲಿಟ್ಟು ಹೆಂಡತಿ “ಸ್ವಲ್ಪ ನೋಡ್ಕೋರಿ” ಅಂದರೆ ನಾನು ಪೇಪರಿನಿಂದ ತಲೆ ಎತ್ತದೆ “ಆತು” ಅನ್ನುತ್ತೇನೆ. ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದ ಮೇಲೆ ಅವಳು ಬಂದು ನಿಂತಾಗ ಅನ್ನುವುದೂ ಅದೇ “ಆತು.” ಕೆಲಸದ ಮೊದಲೂ ಅದೇ, ಕೆಲಸ ಕೆಟ್ಟ ಮೇಲೂ ಅದೇ. ಬೆಳಗಾವಿಯಲ್ಲಿ ಹುಟ್ಟಿ ಬೆಳೆದವನು ನಾನು. ಈ ಎರಡಕ್ಷರ ಇಲ್ಲದಿದ್ದರೆ ಅರ್ಧ ಮೂಕನಾಗುತ್ತಿದ್ದೆ.

ನಮ್ಮ ಭಾಷೆಗೆ ಕಾಲದ ಬಗ್ಗೆ ಮೊದಲಿನಿಂದಲೂ ಧಾರಾಳತನ. ಇನ್ನೂ ಬಚ್ಚಲಲ್ಲೇ ಇರುವವನು “ಬಂದೆ, ಬಂದೇಬಿಟ್ಟೆ” ಎಂದು ಕೂಗುತ್ತಾನೆ. ವ್ಯಾಕರಣದ ಪ್ರಕಾರ ಅವನು ಆಗಲೇ ನಮ್ಮೆದುರು ನಿಂತಿರಬೇಕು. ನಮ್ಮ ಕಡೆಯ ಹಲಸಿ ಊರಿನ ಹಳೆಯ ಗುಡಿ ಕಟ್ಟುವಾಗಲೂ ಯಾರೋ ಮೇಲ್ವಿಚಾರಕ “ಶಿಖರದ ಕೆಲಸ ಎಲ್ಲಿಗೆ ಬಂತಪ್ಪಾ?” ಎಂದು ಕೇಳಿರುತ್ತಾನೆ, ಕಲ್ಲುಕುಟಿಗ “ಆತು” ಅಂದಿರುತ್ತಾನೆ. ಆ ಮೇಲ್ವಿಚಾರಕನ ಪಾಡೇನಾಯಿತೋ, ಯಾರೂ ಬರೆದಿಟ್ಟಿಲ್ಲ. ನನ್ನ ಪಾಡನ್ನು ನಾನೇ ಬರೆಯುತ್ತೇನೆ.

ಬೆಳಗಾವಿಯ ಉದ್ಯಮಬಾಗದ ನಮ್ಮ ಯಂತ್ರದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ನಕ್ಷೆ ಬರೆದ ನನ್ನನ್ನು ಹೋದ ವರ್ಷ ಮಾಲೀಕರು ಕರೆದು, ಖಾನಾಪುರದ ಹಂಚಿನ ಕಾರ್ಖಾನೆಗೆ ಹೋಗಬೇಕಾದ, ಹಂಚು ಒತ್ತುವ ದೊಡ್ಡ ಪ್ರೆಸ್ಸಿನ ಇಡೀ ಜವಾಬ್ದಾರಿ ಕೊಟ್ಟರು. “ನೋಡ್ರಿ, ಇದೊಂದು ಸುರಳೀತ ನಡಿಸಿ ತೋರಸ್ರಿ. ಇಲ್ಲಂದ್ರ ನಿಮ್ಮ ನಕ್ಷಿ ಮೇಜು ಅಲ್ಲೇ ಐತಿ.” ನನಗೆ ಆ ಮೇಜಿಗೆ ಮರಳುವ ಮನಸ್ಸಿರಲಿಲ್ಲ. ಖುರ್ಚಿ ತಿರುಗುವಂಥದ್ದು ಸಿಕ್ಕಿತ್ತು, ಸುಳ್ಳೇಕೆ ಹೇಳಲಿ?

ನಾಲ್ಕು ವಿಭಾಗ, ನಾಲ್ಕು ಜನ. ಎರಕದ ಕಲ್ಲಪ್ಪ, ಮಶೀನ್ ಶಾಪಿನ ಶಿವಲೀಲಾ ಮೇಡಂ, ವಿದ್ಯುತ್ತಿನ ಇಮಾಮಸಾಬ, ಖಾನಾಪುರದಲ್ಲಿ ಯಂತ್ರಕ್ಕೆ ಪಾಯ ಹಾಕಬೇಕಾದ ಗವಂಡಿ ಪರಶುರಾಮ. ಒಬ್ಬೊಬ್ಬರೂ ಬಂಗಾರದಂಥವರು, ಒಟ್ಟಿಗೆ ಕೂಡಿಸಿದರೆ ಗದ್ದಲ. ಕೊರೆದ ತೂತು ಅರ್ಧ ಕೂದಲಷ್ಟು ವಾರೆಯಾದರೂ ಮೇಡಂ ಎರಕದ ಕಡೆ ಬೊಟ್ಟು ಮಾಡುವರು, ಕಲ್ಲಪ್ಪ ನಕ್ಷೆಯ ಕಡೆ, ಇಮಾಮಸಾಬ ಆಕಾಶದ ಕಡೆ. ಏಳು ತಿಂಗಳಲ್ಲಿ ಈ ನಾಲ್ವರು ಒಂದೇ ಮಾತಿಗೆ ಹೂಂಗುಟ್ಟಿದ್ದನ್ನು ನಾನು ನೋಡಲಿಲ್ಲ. ಚಹಾಕ್ಕೆ ಸಕ್ಕರೆ ಎಷ್ಟು ಅನ್ನುವುದರಲ್ಲೂ ಒಮ್ಮತವಿಲ್ಲ.

ನಾನು ಗೋಡೆಗೆ ದೊಡ್ಡ ಚಾರ್ಟು ಅಂಟಿಸಿಕೊಂಡು, ಫೋನು ಮಾಡಿ ಮಾಡಿ ಟಿಕ್ ಹಾಕುತ್ತ ಕೂತೆ. ಒಂದು ಸೋಮವಾರ ಪರಶುರಾಮನಿಗೆ ಫೋನು ಹಚ್ಚಿದೆ. “ಪರಶುರಾಮ, ಪಾಯಾದ ಕೆಲಸ?” “ಆತ್ರಿ ಸಾಹೇಬ್ರ, ಆತು!” ಹಿಂದೆ ಇನ್ನೇನೋ ಅನ್ನುತ್ತಿದ್ದ. ನಾನು ಆಗಲೇ ಫೋನಿಟ್ಟು ಹಸಿರು ಪೆನ್ನು ಎತ್ತಿದ್ದೆ.

ಮುಂದಿನ ವಾರ ಟ್ರೇಲರಿನ ಮೇಲೆ ಯಂತ್ರ, ಹಿಂದೆ ಜೀಪಿನಲ್ಲಿ ನಾವು. ಖಾನಾಪುರ ಮುಟ್ಟಿ ಶೆಡ್ಡಿನೊಳಗೆ ಹೋದರೆ, ಪಾಯ ಇರಬೇಕಾದಲ್ಲಿ ಸುಣ್ಣದ ಪುಡಿಯಲ್ಲಿ ಗೀಚಿದ ಒಂದು ಚೌಕ. ಚೌಕದ ನಟ್ಟನಡುವೆ ಒಂದು ನಾಯಿ ಸುಖವಾಗಿ ಮಲಗಿತ್ತು.

“ಪರಶುರಾಮ! ಆತು ಅಂದಿದ್ದೆಲ್ಲೋ!”

“ಅಹೋ ಸಾಹೇಬ್ರ, ಆತು ಅಂದ್ರ ಮಾಡ್ತೀನಂತ್ರಿ. ಕಬ್ಬಿಣ ಇನ್ನಾ ಬಂದಿಲ್ಲ ಅಂತ ಹೇಳಾಕಹತ್ತಿದ್ದೆ, ನೀವು ಫೋನ್ ಇಟ್ಟಬಿಟ್ರಿ.”

ಬೈಯಲು ಬಾಯಿ ತೆರೆದವನಿಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಅವನ ಮಾತಿನಲ್ಲಿ ತಪ್ಪೇನಿತ್ತು? ಯಂತ್ರ ಕೂರುವುದನ್ನು ನೋಡಲು ಮಾಲೀಕರು ಮಧ್ಯಾಹ್ನ ಖುದ್ದಾಗಿ ಬರುವವರಿದ್ದರು. ಕಲ್ಲಪ್ಪ ಮರದ ದಿಮ್ಮಿ ಹುಡುಕಿಸಿ ಯಂತ್ರವನ್ನು ಪಕ್ಕಕ್ಕೆ ಇಳಿಸಿದ. ನಾನು ಇಟ್ಟಿಗೆ ರಾಶಿಯ ಮೇಲೆ ಕೂತು ಆ ಹಳೆಯ ಮೇಜಿನ ಉದ್ದಗಲ ನೆನೆಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನಕ್ಷೆ ಬಿಡಿಸಿ ನೋಡುತ್ತಿದ್ದ ಇಮಾಮಸಾಬ ನಗಲಿಕ್ಕೆ ಹತ್ತಿದ. “ಸಾಹೇಬ್ರ, ಪಾಯಾದ ಕೆಳಗ ಕೇಬಲ್ ಹೋಗಾಕ ದಾರೀನ ಇಟ್ಟಿಲ್ಲಲ್ರೀ?” ಮೇಡಂ ಬಗ್ಗಿ ನೋಡಿದರು. “ಎಣ್ಣಿ ಪೈಪಿಗೂ ಇಲ್ಲ.” ಇಪ್ಪತ್ತು ವರ್ಷ ನಕ್ಷೆ ಬರೆದ ನಾನೇ ಬರೆದ ನಕ್ಷೆ ಅದು! ಪರಶುರಾಮ ಹೇಳಿದ ಹೊತ್ತಿಗೆ ಪಾಯ ಹಾಕಿದ್ದರೆ, ಇವತ್ತು ಅದನ್ನು ಒಡೆಯುತ್ತ ನಿಲ್ಲಬೇಕಿತ್ತು. ಕಲ್ಲಪ್ಪನೂ ಸೇರಿ ಮೂವರೂ ಕೂತು ನೆಲದ ಮೇಲೆ ಸುಣ್ಣದಿಂದ ಹೊಸ ಗೆರೆ ಹಾಕಿದರು. ಪರಶುರಾಮ ಗುದ್ದಲಿ ತಂದ. ನಾಯಿ ಬೇಸರದಿಂದ ಎದ್ದು ಹೋಯಿತು.

ಮಾಲೀಕರು ಬಂದಾಗ ಯಂತ್ರ ದಿಮ್ಮಿಯ ಮೇಲಿತ್ತು, ಗುಂಡಿ ಅರ್ಧ ಅಗೆದಿತ್ತು. ಅವರ ಮುಖ ಕೆಂಪಾಯಿತು. “ಏನಿದು?” ಇಮಾಮಸಾಬ ನಕ್ಷೆ ತೋರಿಸಿ, ಕೇಬಲಿಗೂ ಪೈಪಿಗೂ ದಾರಿ ಇಲ್ಲದ್ದನ್ನು ವಿವರಿಸಿದ. ಮಾಲೀಕರು ಗುಂಡಿ ನೋಡಿದರು, ನಕ್ಷೆ ನೋಡಿದರು, ನನ್ನನ್ನು ನೋಡಿದರು. ಮುಖ ಸಡಿಲವಾಯಿತು. ಉಳಿದವರ ಕಡೆ ತಿರುಗಿ ನನ್ನತ್ತ ಬೊಟ್ಟು ಮಾಡಿದರು.

“ಅಂದ್ರ, ಇದು ಗೊತ್ತಾಗಿ ಪಾಯಾ ಬೇಕಂತನ ತಡದ್ರೇನ್ರೀ ಇವ್ರು?”

“ಹೌದ್ರಿ!” ಕಲ್ಲಪ್ಪ, ಶಿವಲೀಲಾ ಮೇಡಂ, ಇಮಾಮಸಾಬ, ಗುಂಡಿಯೊಳಗಿನ ಪರಶುರಾಮ, ನಾಲ್ವರೂ ಒಂದೇ ಉಸಿರಿಗೆ, ಒಂದೇ ದನಿಯಲ್ಲಿ.

ಎದೆ ತುಂಬಿ ಬಂತು. ಖರೇ ಹೇಳಿಬಿಡಬೇಕೆಂದು ನಾನು ಎದ್ದು ನಿಂತದ್ದೂ ನಿಜ. ಆದರೆ ನೀವೇ ಹೇಳಿ, ಏಳು ತಿಂಗಳು ಒದ್ದಾಡಿ ತಂಡದಲ್ಲಿ ಕೊನೆಗೊಮ್ಮೆ ಮೂಡಿದ ಒಮ್ಮತವನ್ನು ಯಾವ ಮುಖ್ಯಸ್ಥ ತಾನೇ ಕೈಯಾರೆ ಕೆಡಿಸುತ್ತಾನೆ?