ಪ್ರೆಸ್ ನಿಂತಾಗ ಓಡುತ್ತಿದ್ದ ಡ್ರಮ್

ನಿಮ್ಮ ಅಮ್ಮ, ನನ್ನ ಮಗಳು, ಬೇಸ್ ಗಿಟಾರ್ ಹಿಡಿದು ನಿಂತಿರುವ ಫೋಟೊ ನೋಡಿ ನೀವು ನಗುತ್ತೀರಿ. ಆಗ ನನಗೆ ನಗು ಬರುತ್ತಿರಲಿಲ್ಲ.

ಪೀಣ್ಯದಲ್ಲಿ ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ. ಕೆಳಗೆ ಖಾಲಿ ಶೆಡ್ಡು, ಅಲ್ಲಿ ನಿಮ್ಮ ಅಮ್ಮನ ಬ್ಯಾಂಡಿನ ಅಭ್ಯಾಸ. ಅವಳೂ, ಡ್ರಮ್ ಬಾರಿಸುವ ಯಾದಗಿರಿ ಕಡೆಯ ಹುಡುಗನೂ ಒಂದೇ ಕಾರ್ಖಾನೆಯವರು. ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಶೆಡ್ಡಿಗೆ ಬರುತ್ತಿದ್ದರು. ಗಿಟಾರಿನವನು, ಹಾಡುವವನು ಇಬ್ಬರೂ ಅಣ್ಣತಮ್ಮಂದಿರು, ಟೆಂಪೊ ಓಡಿಸುತ್ತಿದ್ದರು. ಅದು ಹಾರ್ಡ್ ರಾಕ್ ಅಂತೆ. ಕಬ್ಬಿಣಕ್ಕೆ ಗ್ರೈಂಡಿಂಗ್ ಚಕ್ರ ಹಿಡಿದಂತೆ ಗಿಟಾರು ಕೊರೆಯುತ್ತಿತ್ತು. ಹಾಡುವವನ ಗಂಟಲು ಇನ್ನೇನು ಹರಿದೇಹೋಯಿತು ಎಂದು ನಾನು ಮೇಲೆ ಕೂತು ಹೆದರುತ್ತಿದ್ದೆ.

ಅಕ್ಕಪಕ್ಕದವರು ಬೈಯುತ್ತಿರಲಿಲ್ಲ. ಶೆಡ್ಡಿನ ಪಕ್ಕದ ಕಾರ್ಖಾನೆಯಲ್ಲಿ ವಾಷರ್ ಕತ್ತರಿಸುವ ಪವರ್ ಪ್ರೆಸ್ ಧಡ್ ಧಡ್ ಎನ್ನುತ್ತಿತ್ತಲ್ಲ, ಅದರಲ್ಲಿ ಇವರ ಸದ್ದು ಮುಚ್ಚಿಹೋಗುತ್ತಿತ್ತು. ಅದಕ್ಕೇ ಪ್ರೆಸ್ ನಡೆಯುವಾಗ ಮಾತ್ರ ಅಭ್ಯಾಸ.

ಮೂರು ಸ್ಪರ್ಧೆಗಳಲ್ಲಿ ಮೊದಲ ಸುತ್ತಿಗೇ ಸೋತು ಬಂದಿದ್ದರು. ಏಕೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಮಹದೇವಪುರದ ಟೆಕ್ ಪಾರ್ಕಿನಲ್ಲಿ ಇನ್ನೊಂದಿತ್ತು. ಅದರಲ್ಲೂ ಸೋತರೆ ಬ್ಯಾಂಡ್ ನಿಲ್ಲಿಸುವುದೆಂದು ಮಾತಾಗಿತ್ತು.

ಒಂದು ದಿನ ಹುರುಳಿಕಾಯಿ ಹೆಚ್ಚುತ್ತಿದ್ದೆ. ಕೆಳಗಿನ ತಾಳಕ್ಕೆ ನನ್ನ ಕೈಯೂ ಆಡುತ್ತಿತ್ತು. ಹಾಡಿನ ನಡುವೆ ಪ್ರೆಸ್ ನಿಂತಿತು. ಡ್ರಮ್ಮಿನ ಜೊತೆ ನನ್ನ ಚಾಕೂ ಓಡತೊಡಗಿತು. ಪ್ರೆಸ್ ಮತ್ತೆ ಶುರುವಾದಾಗ ಕೈ ತಾನಾಗಿ ನಿಧಾನಕ್ಕೆ ಬಂತು. ಮರುದಿನವೂ ಹಾಗೇ ಆಯಿತು. ಕೆಳಗೆ ಯಾರೂ ಗಮನಿಸಿದಂತಿರಲಿಲ್ಲ.

ಹೇಳಲೋ ಬೇಡವೋ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು ನಾನು. ಹೇಳಿದರೆ ಆ ಹುಡುಗನ ಧೈರ್ಯ ಕುಸಿದೀತು, ಹೇಳದಿದ್ದರೆ ಮಗಳು ಮತ್ತೆ ತಲೆ ತಗ್ಗಿಸಿ ಬಂದಾಳು. ನಾಲ್ಕು ದಿನ ಅನ್ನ ಸೇರಲಿಲ್ಲ. ಕೊನೆಗೆ ಕಾಫಿ ತೆಗೆದುಕೊಂಡು ಇಳಿದೆ.

“ಪ್ರೆಸ್ ನಿಂತ್ರೆ ನೀನು ತಾಳ ಬಿಟ್ಟು ಓಡ್ತೀಯ ಕಣಪ್ಪ,” ಎಂದೆ ಡ್ರಮ್ಮಿನವನಿಗೆ, ಲೋಟಗಳನ್ನೇ ನೋಡುತ್ತಾ.

“ಅವ್ವಾರ, ನಿಮಗ ರಾಕ್ ಬ್ಯಾರೆ ತಿಳೀತದೇನ್ರಿ?”

“ರಾಕ್ ಗೊತ್ತಿಲ್ಲಪ್ಪ. ನನ್ನ ಚಾಕು ಓಡ್ತು.”

ಹುಡುಗರು ನಕ್ಕರು. ನಿಮ್ಮ ಅಮ್ಮ ನಗಲಿಲ್ಲ. “ನಾಳೆ ಭಾನುವಾರ, ಪ್ರೆಸ್ ಇರಲ್ಲ. ಬನ್ನಿ, ನೋಡೇ ಬಿಡೋಣ,” ಎಂದಳು.

ಭಾನುವಾರ ಹಾಡು ಎಷ್ಟು ಬೇಗ ಮುಗಿಯಿತೆಂದರೆ ಹಾಡುವವನಿಗೆ ಏದುಸಿರು. ಡ್ರಮ್ಮಿನವನು ಕೋಲುಗಳನ್ನು ತೊಡೆ ಮೇಲಿಟ್ಟುಕೊಂಡು ಕೂತ. “ಇಷ್ಟ್ ದಿನ ಆ ಪ್ರೆಸ್ಸಿನ ತಾಳದ ಬೆನ್ನ ಮ್ಯಾಲ ಕುಂತಿದ್ದೆ ನಾ,” ಎಂದ. ಅಷ್ಟರಲ್ಲಿ ಎದುರು ಮನೆಯವರು ಜಗಳಕ್ಕೆ ಬಂದರು, ಅಭ್ಯಾಸವೂ ನಿಂತಿತು. ಆಮೇಲೆ ಎರಡು ದಿನ ಆ ಹುಡುಗ ಈ ಕಡೆ ತಲೆ ಹಾಕಲಿಲ್ಲ. ನಾನೇ ಕೆಡಿಸಿದೆ ಎಂದುಕೊಂಡು ದೇವರ ಮುಂದೆಯೂ ನಿಲ್ಲಲಾರದೆ ಹೋದೆ.

ಸ್ಪರ್ಧೆಯ ದಿನ ಕೊನೆಯ ಸಾಲಿನಲ್ಲಿ ಕೂತೆ. ಹುಡುಗ ಬಂದಿದ್ದ. ನಿಮ್ಮ ಅಮ್ಮ ಜನರಿಗೆ ಅರ್ಧ ಬೆನ್ನು ಹಾಕಿ ಅವನ ಪಕ್ಕಕ್ಕೆ ಸರಿದು, ವೇದಿಕೆಯ ಹಲಗೆಯ ಮೇಲೆ ಪ್ರೆಸ್ಸಿನಂತೆ ಬಲಗಾಲು ಕುಟ್ಟುತ್ತಾ ನುಡಿಸಿದಳು. ಅವನು ಆ ಕಾಲಿನಿಂದ ಕಣ್ಣು ತೆಗೆಯಲಿಲ್ಲ.

ಎರಡನೆಯ ಬಹುಮಾನ ಬಂತು. ಬ್ಯಾಂಡ್ ಇನ್ನೂ ನಾಲ್ಕು ವರ್ಷ ಉಳಿಯಿತು, ಅವರದೇ ಒಂಬತ್ತು ಹಾಡುಗಳ ಆಲ್ಬಮ್ಮೂ ಆಯಿತು. ಅವತ್ತು ಹೇಗೆ ನುಡಿಸಿದರು ಅಜ್ಜಿ ಎಂದು ನೀವು ಕೇಳುತ್ತೀರಿ. ನಾನು ಕೇಳಿಸಿಕೊಂಡಿದ್ದರೆ ತಾನೇ ಹೇಳುವುದು. ನಾನೂ ಆ ಕಾಲನ್ನೇ ನೋಡುತ್ತಿದ್ದೆ.