ದೇವೀರಮ್ಮನವರ ಸೂಜಿಗೋಲು

ದೇವೀರಮ್ಮನವರ ಹೊಲಿಗೆ ಮಿಷನ್ ಕಳೆದ ತಿಂಗಳು ಇನ್ನೇನು ಮಾರಾಟವಾಗಿಬಿಡುತ್ತಿತ್ತು. ಅದು ಹೇಗೆ ಉಳಿಯಿತು ಎನ್ನುವುದನ್ನು ಮರೆಯುವ ಮೊದಲು ಬರೆದಿಡುತ್ತೇನೆ.

ಅವರು ನಮ್ಮ ಪಕ್ಕದ ಮನೆಯವರು. ತವರು ಹದಿನಾರು ಎಂಬ ಊರು. ನಂಜನಗೂಡಿಗೆ ಸೊಸೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ಇಲ್ಲಿನ ಒಂದು ಶಾಲೆಯಲ್ಲಿ ಆಯಾ ಆದರು. ಹದಿನೆಂಟು ವರ್ಷ ಅವರ ಪಾಲಿಗೆ ಬಂದದ್ದು ಕಂಪ್ಯೂಟರ್ ಕೋಣೆ. ಮಕ್ಕಳ ಚಪ್ಪಲಿ ಬಾಗಿಲಲ್ಲೇ ಬಿಡಿಸುವುದು, ಧೂಳು ಒರೆಸುವುದು, ಆಯುಧಪೂಜೆಯ ದಿನ ಮಾನಿಟರುಗಳಿಗೆ ವಿಭೂತಿ ಬಳಿಯುವುದು. ರಿಪೇರಿಗೆ ಬರುತ್ತಿದ್ದ ಸೋಮಶೇಖರ್ ಡಬ್ಬ ಬಿಚ್ಚಿದಾಗಲೆಲ್ಲ ಪಕ್ಕದಲ್ಲಿ ನಿಂತು ಸ್ಕ್ರೂ ಹಿಡಿದುಕೊಳ್ಳುತ್ತಿದ್ದರು. ಹಿಡಿದೂ ಹಿಡಿದೂ ಅರ್ಧ ಕೆಲಸ ಕಲಿತರು. ಓದಿದ್ದು ಮಾತ್ರ ನಾಲ್ಕನೇ ಕ್ಲಾಸು. ಅವರು ನಿವೃತ್ತರಾದ ವರ್ಷ ಶಾಲೆಯವರು ಕೆಟ್ಟ ಆರು ಕಂಪ್ಯೂಟರುಗಳನ್ನು ಗುಜರಿಗೆ ಹಾಕಲು ಹೊರಟರು. "ನಂಗೇ ಕೊಡಿ ಸಾ" ಎಂದು ಕೇಳಿ ಆಟೋದಲ್ಲಿ ಹೇರಿಕೊಂಡು ಬಂದರಂತೆ.

ಆಮೇಲೆ ಅವರು ಹಿಡಿದದ್ದು ಹೊಲಿಗೆ. ಒಂದು ಕಂಪ್ಯೂಟರ್ ಡಬ್ಬದ ಒಳಗನ್ನೆಲ್ಲ ತೆಗೆದು, ಕೈಗೆ ತಾಗುವ ತಗಡಿನ ಅಂಚುಗಳಿಗೆ ಬಟ್ಟೆಪಟ್ಟಿ ಸುತ್ತಿ, ಸಿ.ಡಿ. ಕೂರುವ ಗೂಡುಗಳಲ್ಲಿ ದಾರದ ಉಂಡೆ ಜೋಡಿಸಿದ್ದಾರೆ. ಉಳಿದ ತಗಡಿನ ಮೇಲೆ ಸಂಡಿಗೆ ಒಣಗಿಸಬಹುದಲ್ಲ ಎಂದು ನಾನೊಮ್ಮೆ ಹೇಳಿ ಬೈಸಿಕೊಂಡೆ. "ಬಣ್ಣ ಬಳ್ದಿರೋ ತಗಡಲ್ಲಿ ತಿನ್ನೋದ ಒಣಗಿಸ್ತರಾ? ಓದ್ದೋಳು ಏಳೋ ಮಾತಾ ಇದು?" ಪವರ್ ಸಪ್ಲೈ ಡಬ್ಬವನ್ನು ಮಾತ್ರ ಅವರು ಎಂದೂ ಬಿಚ್ಚುವುದಿಲ್ಲ. ವೈರು ಕಿತ್ತ ಮೇಲೂ ಅದರೊಳಗೆ ಕರೆಂಟು ಅವಿತುಕೊಂಡಿರುತ್ತದೆ ಎಂದು ಸೋಮಶೇಖರ್ ಹೆದರಿಸಿದ್ದು ಅವರಿಗೆ ವೇದವಾಕ್ಯ. ಹಸಿರು ಬೋರ್ಡುಗಳನ್ನು ಸುಡದೆ ಚೀಲಕ್ಕೆ ತುಂಬಿ, ಮೈಸೂರಿನಿಂದ ಇ-ಕಸ ಒಯ್ಯಲು ಬರುವವರಿಗೆ ಕೊಡುತ್ತಾರೆ.

ಅವರ ಒಬ್ಬಳೇ ಮಗಳು ಕವನ. ಇದೇ ಬೀದಿಯ ಕೊನೆಯ ಮನೆ, ಕೆಲಸ ಟಿ. ನರಸೀಪುರದ ಒಂದು ಬ್ಯಾಂಕಿನಲ್ಲಿ. ಅವಳ ಬಾಣಂತಿ ರಜೆ ಮುಗಿಯುತ್ತಾ ಬಂದಿತ್ತು. ಎಂಟು ತಿಂಗಳ ಶ್ರೀಕಂಠನನ್ನು ಹಗಲು ಅಜ್ಜಿಯೇ ನೋಡಿಕೊಳ್ಳುವುದೆಂದು ಮಾತಾಗಿತ್ತು. ಆದರೆ ಅಷ್ಟರಲ್ಲಿ ಕಂಠಿ ಅಂಬೆಗಾಲಿಡಲು ಕಲಿತ. ನೆಲದ ಮೇಲೆ ಸಿಕ್ಕಿದ್ದೆಲ್ಲ ಅವನಿಗೆ ತಿಂಡಿ.

ಗುರುವಾರ ನಾನು ಅವರ ಒಳಕೋಣೆಯಲ್ಲಿ ಬ್ಲೌಸಿನ ಅಳತೆ ಕೊಡುತ್ತಾ ನಿಂತಿದ್ದೆ. ನಡುಮನೆಯಲ್ಲಿ ಮಗುವನ್ನು ಆಡಿಸುತ್ತಿದ್ದ ಕವನ ಅವನನ್ನು ಕಂಕುಳಿಗೆ ಎತ್ತಿಕೊಂಡು ಬಂದು, ಅಂಗೈ ಚಾಚಿದಳು. ಅದರಲ್ಲಿ ಒಂದು ಗುಂಡುಪಿನ್ನು.

"ಅವ್ವ, ಇದು ಇವನ ಮುಷ್ಟಿಲಿತ್ತು."

"ಬಾಯ್ಗೆ ಆಕಂಡ್ನಾ?"

"ಅಷ್ಟರಲ್ಲಿ ಕಿತ್ಕೊಂಡೆ. ಮಿಷನ್ ಮಾರ್ಬಿಡು ಅವ್ವ. ಇಲ್ಲಾಂದ್ರೆ ಸೋಮವಾರ ನಾನೇ ಕೆಲಸ ಬಿಡ್ತೀನಿ."

"ಕೂಸ್ನೂ ನೋಡ್ಕತೀನಿ, ಮಿಷನ್ನೂ ತುಳಿತೀನಿ ಕನ."

"ಇರೋದು ಎರಡು ಕಣ್ಣು. ಅದ್ರಲ್ಲಿ ಒಂದಕ್ಕೆ ಪೊರೆ!"

ದೇವೀರಮ್ಮ ಟೇಪನ್ನು ಕೊರಳಿಂದ ತೆಗೆದು ಮಡಿಸಿ ಇಟ್ಟರು. ಅವರಿಗೆ ಕೈಗೆ ಬರುವ ಕಾಸಿಗಿಂತ ಆ ಮಿಷನ್ನಿನ ಮುಂದೆ ಕೂರುವುದೇ ದೊಡ್ಡದು ಎಂದು ನನಗೆ ಗೊತ್ತು. ಮಗಳು ಹೋದ ಮೇಲೂ ಬಹಳ ಹೊತ್ತು ಆ ಪಿನ್ನನ್ನೇ ನೋಡುತ್ತಿದ್ದರು.

ಮಾರನೇ ದಿನ ಅಟ್ಟದಿಂದ ಕಂಪ್ಯೂಟರ್ ಭಾಗಗಳ ಚೀಲ ಇಳಿಸಿ ನನ್ನನ್ನು ಕರೆದರು. ನನ್ನ ಮಗಳನ್ನು ಅವಳಪ್ಪನ ಹತ್ತಿರ ಬಿಟ್ಟು ಹೋದೆ. ದೇವೀರಮ್ಮ ಕನ್ನಡಕ ಹಾಕಿಕೊಂಡು, ಸೋಮಶೇಖರ್ ಕೊಟ್ಟಿದ್ದ ನಕ್ಷತ್ರದ ತುದಿಯ ಸ್ಕ್ರೂಡ್ರೈವರಿನಿಂದ ಆರು ಹಾರ್ಡ್‌ಡಿಸ್ಕುಗಳನ್ನು ಒಂದೊಂದಾಗಿ ಬಿಚ್ಚಿದರು. ಒಳಗೆ ಕನ್ನಡಿಯಂಥ ಬಿಲ್ಲೆ. ಮೊದಲು ಅದರ ಎರಡೂ ಮೈಯನ್ನು ಮೊಳೆಯಿಂದ ಗೀರಿ ಗೀರಿ ಹಾಳು ಮಾಡಿದರು. "ಐಕಳ ಮಾರ್ಕ್ಸು, ಅವರಪ್ಪಂದಿರ ಫೋನ್ ನಂಬರು, ಎಲ್ಲಾ ಇದ್ರೊಳಗೇ ಕುಂತವ. ಯಾರ ಕೈಗೂ ಸಿಗಬಾರ್ದು."

ಒಂದೊಂದರಲ್ಲೂ ಎರಡೆರಡು ಅಯಸ್ಕಾಂತ. ಬಾಳೆಹಣ್ಣಿನ ಹೋಳಿನ ಹಾಗೆ ಬಾಗಿದ್ದವು. ಎರಡು ಹತ್ತಿರ ಬಂದದ್ದೇ ತಡ, ಟಪ್ ಎಂದು ಕಚ್ಚಿಕೊಂಡು ಅವರ ಹೆಬ್ಬೆರಳಿನ ಚರ್ಮ ಹಿಡಿದವು. "ಅಯ್ಯಯ್ಯೋ, ಮೊಸಳೆ ಕನವ್ವ ಇದು!" ಇಂಥ ಎರಡು ಚೂರು ಮಗುವಿನ ಹೊಟ್ಟೆ ಸೇರಿದರೆ ಕರುಳನ್ನೇ ಹಿಚುಕಿಬಿಡುತ್ತವೆ ಎಂದು ಮಕ್ಕಳ ಡಾಕ್ಟರು ಹೇಳಿದ್ದನ್ನು ನಾನು ಹೇಳಿದೆ. ದೇವೀರಮ್ಮ ಬೆರಳು ಚೀಪುವುದನ್ನು ನಿಲ್ಲಿಸಿದರು. ಹನ್ನೆರಡನ್ನೂ ಅವುಗಳ ಬೆನ್ನಿಗಿದ್ದ ಕಬ್ಬಿಣದ ಪಟ್ಟಿ ಸಮೇತ ಹಲಗೆಗೆ ಸ್ಕ್ರೂ ಹಾಕಿ ಬಿಗಿದು, ಮೇಲೆ ಜೀನ್ಸ್ ಬಟ್ಟೆಯನ್ನು ಎರಡು ಪದರ ಹೊಲಿದು ಮುಚ್ಚಿದರು. ಅದಕ್ಕೊಂದು ಉದ್ದನೆಯ ಕೋಲು. ನೆಲದ ಮೇಲೆ ತಳ್ಳಿಕೊಂಡು ಹೋದರೆ ಸೂಜಿ, ಪಿನ್ನು ಬಂದು ಅಂಟಿಕೊಳ್ಳುತ್ತವೆ. ಸೂಜಿಗೋಲು ಎಂದು ಹೆಸರಿಟ್ಟರು.

ಶನಿವಾರ ಕವನ ಪರೀಕ್ಷೆಗೆಂದೇ ಬಂದಳು. "ಗೋಡೆ ಕಡೆ ತಿರುಗು ಅವ್ವ" ಎಂದು ಪಿನ್ನು, ಸೂಜಿ, ಬ್ಲೌಸಿನ ಹುಕ್ಕು ಸೇರಿಸಿ ಹತ್ತನ್ನು ನಡುಮನೆಯಲ್ಲಿ ಚೆಲ್ಲಿದಳು. ದೇವೀರಮ್ಮ ಮೂಲೆಮೂಲೆಗೂ ಕೋಲು ತಳ್ಳಿದರು. ಎತ್ತಿ ನೋಡಿದರೆ ಹನ್ನೊಂದು!

"ಮೂರು ತುಕ್ಕು ಹಿಡಿದಿವೆ. ನಾನು ಹಾಕಿದ್ದಲ್ಲ ಇವು" ಎಂದಳು ಕವನ.

"ನಿನ್ ಮದ್ವೆ ಬ್ಲೌಸ್ ಒಲ್ದಾಗ ಬಿದ್ದವೇನೋ" ಎಂದು ದೇವೀರಮ್ಮ ನಕ್ಕರು. ನಾನೂ ನಕ್ಕೆ. ಕವನ ನಗಲಿಲ್ಲ. ಬಗ್ಗಿ, ಚಾಪೆಯ ಪಕ್ಕದಿಂದ ಎರಡು ಹುಕ್ಕು ಹೆಕ್ಕಿದಳು.

"ಮತ್ತೆ ಇವು?"

ಅವು ಹಿತ್ತಾಳೆಯವು. ದೇವೀರಮ್ಮ ಕೋಲನ್ನು ಅವುಗಳ ಮೇಲೆ ಎರಡು ಸಲ ಆಡಿಸಿದರು. ಅಲುಗಲೇ ಇಲ್ಲ.

ವಾದ ಮಾಡುತ್ತಾರೆ ಎಂದುಕೊಂಡೆ. ಅವರು ಗೋಡೆಗೆ ಒರಗಿ ಕೂತುಬಿಟ್ಟರು. "ಇದ ನಂಬ್ಕಂಡು ಕೂಸ ಬುಟ್ಟಿದ್ರೆ ಏನ್ ಗತಿಯಾಗದು? ನೀ ಮಾಡಿದ್ದು ಒಳ್ಳೇದಾಯ್ತು ಕವ್ನ. ನಾಳೆ ಒಂದಿನ ಟೈಮ್ ಕೊಡು. ಆಗಲೂ ನಿಂಗೆ ಸರಿ ಕಾಣ್ದಿದ್ರೆ ಮಿಷನ್ನ ನಾನೇ ಮಾರ್ತೀನಿ."

ಭಾನುವಾರ ಮಿಷನ್ನು ನಡುಮನೆಯಿಂದ ಹಿಂದಿನ ಸಣ್ಣ ಕೋಣೆಗೆ ಹೋಯಿತು. ದಾರದ ಗೂಡು, ಪಿನ್ನಿನ ಡಬ್ಬಿ, ಕತ್ತರಿ ಎಲ್ಲವೂ ಅಲ್ಲಿಗೇ. ಅದರ ಬಾಗಿಲಿಗೆ ಮರದ ಚೌಕಟ್ಟು ಮಾಡಿಸಿ, ಅಂಚಿಗೆ ಬಟ್ಟೆ ಸುತ್ತಿದ ಕಂಪ್ಯೂಟರ್ ತಗಡುಗಳನ್ನು ಬಿಗಿದು, ಚಿಲಕವಿರುವ ಅರ್ಧ ಬಾಗಿಲು ಕೂರಿಸಿದರು. ಹಿತ್ತಾಳೆ ಹುಕ್ಕುಗಳೆಲ್ಲ ಪೇಟೆ ಬೀದಿಯ ಟೈಲರಿಗೆ ಹೋದವು. ಮಗು ಮಲಗಿದಾಗಷ್ಟೇ ಹೊಲಿಗೆ. ಎದ್ದು ಬರುವಾಗ ಸೀರೆ ಕೊಡವಿ, ಕೋಲು ಆಡಿಸಿ, ಅದಕ್ಕೆ ಅಂಟದೆ ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುವುದು.

ಸಂಜೆ ಕವನ ಬಂದಳು. ಚಿಲಕ ಎಳೆದು ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಕಟ್ಟಿ, ಮೊಣಕಾಲೂರಿ, ನಡುಮನೆಯ ಉದ್ದಕ್ಕೂ ಮಗುವಿನ ಹಾಗೆಯೇ ಅಂಬೆಗಾಲಿಟ್ಟು, ಅಂಗೈಯಿಂದ ನೆಲ ಸವರುತ್ತಾ ಹೋದಳು. ಕಂಠಿ ಕೇಕೆ ಹಾಕುತ್ತಾ ಅವಳ ಹಿಂದೆಯೇ ಹೋದ. ದೇವೀರಮ್ಮ ಅರ್ಧ ಬಾಗಿಲು ಹಿಡಿದು ನೋಡುತ್ತಾ ನಿಂತಿದ್ದರು. ಎದ್ದ ಕವನ ಅಂಗೈ ತಿರುಗಿಸಿ ನೋಡಿಕೊಂಡಳು. ಏನೂ ಇರಲಿಲ್ಲ.

"ಬೆಳಿಗ್ಗೆ ಏಳೂವರೆಗೆ ಕರ್ಕೊಂಡು ಬರ್ತೀನಿ" ಎಂದಳು, ಅಷ್ಟೇ.

ಸೋಮವಾರ ಮಧ್ಯಾಹ್ನ ನಾನು ಬ್ಲೌಸ್ ತರಲು ಹೋದಾಗ ಕಂಠಿ ತೊಟ್ಟಿಲಲ್ಲಿ ಬಾಯಿ ತೆರೆದು ಮಲಗಿದ್ದ. ಅರ್ಧ ಬಾಗಿಲಿನ ಆಚೆ ದೇವೀರಮ್ಮ ತೋಳು ಕೂರಿಸುತ್ತಿದ್ದರು. ಟಿ. ನರಸೀಪುರದಿಂದ ಫೋನು ಬಂತು. ಕೈ ಖಾಲಿಯಿಲ್ಲದೆ ಸ್ಪೀಕರಿಗೆ ಹಾಕಿದರು.

"ಅವ್ವ, ಏನ್ ಮಾಡ್ತಿದ್ದಾನೆ?"

"ಮಲಗವ್ನೆ. ನಿನ್ನ ಗಂಟಲಿಗೇ ಏಳ್ತನೆ ಈಗ."

"ನೀನು?"

"ಒಲೀತಾ ಇವ್ನಿ."

ಕವನ ದನಿ ತಗ್ಗಿಸಿ ಹೇಳಿದಳು: "ಹಂಗಾದ್ರೆ ನನ್ನ ಹಸಿರು ಬ್ಲೌಸು ತಂದುಕೊಡ್ತೀನಿ, ಎರಡೂ ಪಕ್ಕದ ಹೊಲಿಗೆ ಬಿಡಿಸ್ಕೊಡು ಅವ್ವ. ಹೆರಿಗೆ ಆದ್ಮೇಲೆ ಬಿಗಿ ಆಗ್ಬಿಟ್ಟಿದೆ."